ಕೊನೆಯ ಸಾಲಿಗೆ ಮಾತ್ರ ಹೋದ ಮೆಸೇಜ್

ಎಳ್ಳ ಅಮಾವಾಸ್ಯೆಯ ಮರುದಿನ. ಮಧ್ಯಾಹ್ನ 12 ಗಂಟೆಗೆ ಕಲಬುರಗಿಯ ಒಂದು ರೈತ ಸಂಘದ ಆಫೀಸಿಗೆ ಮೊದಲ ಫೋನ್ ಬಂತು. ಆಳಂದ ಕಡೆಯ ರೈತರೊಬ್ಬರು. "ಸರ, ಇವತ್ತ ರೇಟಿನ ಮೆಸೇಜ್ ಬಂದಿಲ್ರಿ." ಅರ್ಧ ಗಂಟೆಯಲ್ಲಿ ಅದೇ ಮಾತಿನ ಇನ್ನೂ ಒಂಬತ್ತು ಫೋನ್ ಬಂದವು. ಅಷ್ಟರಲ್ಲಿ ಅಫಜಲಪುರ ಕಡೆಯಿಂದ ಒಬ್ಬರು ಟಾಟಾ ಏಸ್ ಬಾಡಿಗೆ ಮಾಡಿಕೊಂಡು ತೊಗರಿ ಚೀಲ ಹೇರಿಕೊಂಡು ಗಂಜ್‌ಗೆ, ಅಂದರೆ ಮಾರುಕಟ್ಟೆಗೆ, ಬಂದೇ ಬಿಟ್ಟಿದ್ದರು. ಆ ದಿನ ರೇಟು ಇಳಿದಿತ್ತು. ಮೆಸೇಜ್ ನೋಡಿದ್ದರೆ ಅವರು ಎರಡು ದಿನ ಕಾಯುತ್ತಿದ್ದರು. ಬಾಡಿಗೆ ಕೊಟ್ಟು ಬಂದ ಮೇಲೆ ಮಾಲು ವಾಪಸ್ ಒಯ್ಯುವ ಹಾಗಿಲ್ಲ, ಸಿಕ್ಕ ರೇಟಿಗೆ ಕೊಟ್ಟು ಹೋದರು. ಈ ಬರಹ ಬರೆಯಲು ಕಾರಣ ಅವರೇ.

ತಪ್ಪು ಎಲ್ಲಿತ್ತು ಅಂದರೆ ಒಂದೇ ಒಂದು ಬೈಟ್‌ನಲ್ಲಿ. ಕಣ್ಣಿಗೆ ಕಾಣದ, ಆದರೆ ಪ್ರತಿ ಸಾಲಿನ ಕೊನೆಗೂ ಕೂತಿದ್ದ ಒಂದು ಅಕ್ಷರದಲ್ಲಿ. ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ ಇರುವ ಕಂಪ್ಯೂಟರುಗಳ ನಡುವೆ ಫೈಲ್ ಓಡಾಡುವ ಕಡೆಯೆಲ್ಲ ಇದು ಆಗಬಹುದು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ವ್ಯವಸ್ಥೆ ಹೇಗಿತ್ತು

ಕಲಬುರಗಿ ತೊಗರಿಯ ಊರು. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಡಿಸೆಂಬರ್ ಕೊನೆಗೆ ರಾಶಿ ಶುರುವಾದರೆ ಮುಂದಿನ ಎರಡು ತಿಂಗಳು ಗಂಜ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇವತ್ತು ಮಾಲು ತರಬೇಕೋ ನಾಳೆ ತರಬೇಕೋ ಅನ್ನುವುದು ರೈತರಿಗೆ ದಿನಾ ಇರುವ ಪ್ರಶ್ನೆ. ನಾನು ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಒಂದು ಸಣ್ಣ ರೈತ ಸಂಘ ಇದೆ, 412 ಸದಸ್ಯರು. ಬೆಳಗಿನ ಸವಾಲು, ಅಂದರೆ ಹರಾಜು, ಮುಗಿದ ಕೂಡಲೇ ಅವರೆಲ್ಲರ ಫೋನಿಗೆ ಆ ದಿನದ ರೇಟು ಹೋಗಬೇಕು. ಕೆಲಸ ಇಷ್ಟೇ.

ಆಫೀಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ, ವಿಂಡೋಸ್ 7ರದ್ದು. ಅದರಲ್ಲಿರುವ ಲೆಕ್ಕದ ಸಾಫ್ಟ್‌ವೇರ್ ಬೇರೆ ಕಡೆ ಓಡುವುದಿಲ್ಲ, ಹಾಗಾಗಿ ಅದನ್ನು ಬದಲಿಸುವ ಹಾಗಿರಲಿಲ್ಲ. ಸದಸ್ಯರ ಪಟ್ಟಿ ಒಂದು ಸಿಎಸ್‌ವಿ ಫೈಲ್, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಬರೀ ಟೆಕ್ಸ್ಟ್. ಪ್ರತಿ ಸಾಲಿನಲ್ಲಿ ಹೆಸರು, ಊರು, ಮೊಬೈಲ್ ನಂಬರ್, ಈ ಕ್ರಮದಲ್ಲಿ. ಈ ಕ್ರಮ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬಾಡಿಗೆಯ ಒಂದು ಸರ್ವರ್ ಇದೆ, ಅದರಲ್ಲಿರುವುದು ಉಬುಂಟು, ಲಿನಕ್ಸ್‌ನ ಒಂದು ಬಗೆ. ಅಲ್ಲಿ ನಾನು ಬರೆದ ಬ್ಯಾಶ್ ಸ್ಕ್ರಿಪ್ಟ್ ಹನ್ನೊಂದೂವರೆಗೆ ಕ್ರಾನ್ ಮೂಲಕ ಓಡುತ್ತದೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಮ್ ಅದು. ಸ್ಕ್ರಿಪ್ಟ್ ಪಟ್ಟಿಯನ್ನು ಸಾಲು ಸಾಲಾಗಿ ಓದುತ್ತದೆ, ನಂಬರಿನ ಮೊದಲಿಗೆ ದೇಶದ ಕೋಡ್ 91 ಸೇರಿಸಿ ಎಸ್‌ಎಂಎಸ್ ಕಂಪನಿಯ ಗೇಟ್‌ವೇಗೆ ಕಳಿಸುತ್ತದೆ. ಆ 91 ಅನ್ನು ಪಟ್ಟಿಯಲ್ಲೇ ಯಾಕೆ ಹಾಕಿಲ್ಲ ಅಂದರೆ, ನಂಬರ್ 12 ಅಂಕಿ ಆದರೆ ಎಕ್ಸೆಲ್ ಅದನ್ನು 9.19ಇ+11 ಅಂತ ತೋರಿಸಿ ಹಾಗೇ ಸೇವ್ ಮಾಡಿಬಿಡುತ್ತದೆ.

ಒಂದು ವರ್ಷ ಇದು ಒಂದು ದಿನವೂ ನಿಲ್ಲದೆ ನಡೆಯಿತು.

ತಪ್ಪು ಜಾಗದಲ್ಲಿ ಹುಡುಕಿದ್ದು

ನನಗೆ ಮೊದಲು ಅನುಮಾನ ಬಂದದ್ದು ಟೆಂಪ್ಲೇಟ್ ಮೇಲೆ. ನಮ್ಮ ದೇಶದಲ್ಲಿ ಹೀಗೆ ಒಟ್ಟಿಗೆ ಮೆಸೇಜ್ ಕಳಿಸಬೇಕಾದರೆ ಅದರ ಒಕ್ಕಣೆಯನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ಒಂದು ಅಕ್ಷರ ಆಚೀಚೆ ಆದರೂ ಮೆಸೇಜ್ ಹೋಗುವುದಿಲ್ಲ. ಕನ್ನಡದಲ್ಲಿ ಕಳಿಸಿದರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ, ಅದೂ ಮೀರಿರಬಹುದು ಅಂತ ಎಣಿಸಿ ನೋಡಿದೆ. ಎರಡೂ ಸರಿ ಇದ್ದವು. ಗೇಟ್‌ವೇ ಕಂಪನಿಗೆ ಫೋನ್ ಮಾಡಿದೆ. ನಿಮ್ಮ ನಂಬರುಗಳು ಸರಿಯಿಲ್ಲ ಅಂತ ವಾಪಸ್ ಬರ್ತಿವೆ ಅಂದರು. ನಿನ್ನೆವರೆಗೆ ಸರಿ ಇದ್ದ ನಂಬರುಗಳು ಒಂದೇ ರಾತ್ರಿಯಲ್ಲಿ ಹೇಗೆ ಕೆಟ್ಟವು? ಪಟ್ಟಿ ತೆರೆದು ನೋಡಿದೆ. ಹತ್ತು ಅಂಕಿ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.

ಸಂಜೆ ನಾಲ್ಕಕ್ಕೆ ಆಫೀಸಿನ ಸಹಾಯಕರು ಒಂದು ಮಾತು ಹೇಳಿದರು. ಹಿಂದಿನ ದಿನ ಫೋನಿನಲ್ಲಿ ಹೆಸರು ಕೊಟ್ಟು ಸೇರಿದ ಜೇವರ್ಗಿ ಕಡೆಯ ಒಬ್ಬ ಹೆಣ್ಣುಮಗಳಿಗೆ ಅವರು ಬೇರೇನೋ ಕೆಲಸಕ್ಕೆ ಫೋನ್ ಮಾಡಿದ್ದರಂತೆ. ಮೆಸೇಜ್ ಯಾರಿಗೂ ಹೋಗಿಲ್ಲ ಅಂದಾಗ ಆಕೆ, "ನನಗ ಬಂದದಲ್ರಿ" ಅಂದರಂತೆ. ಆಕೆ ಪಟ್ಟಿಯ ಕಟ್ಟಕಡೆಯ ಹೆಸರು.

412ರಲ್ಲಿ 411 ಜನಕ್ಕೆ ಹೋಗಿಲ್ಲ, ಕೊನೆಯವರಿಗೆ ಮಾತ್ರ ಹೋಗಿದೆ. ಇದನ್ನು ಕೇಳಿದ ಮೇಲೆ ನನಗೆ ಪಟ್ಟಿಯ ಅಂಕಿಗಳ ಮೇಲಿನ ಅನುಮಾನ ಹೋಯಿತು. ಕೊನೆಯ ಸಾಲಿಗೂ ಉಳಿದ ಸಾಲುಗಳಿಗೂ ಇರುವ ವ್ಯತ್ಯಾಸ ಒಂದೇ: ಅದು ಕೊನೆಯದು. ಅಂದರೆ ಅದರ ಕೊನೆಗೆ ಎಂಟರ್ ಇಲ್ಲ.

ಹತ್ತಿರದಿಂದ ನೋಡಿದಾಗ

ಸರ್ವರಿನ ಲಾಗ್ ಫೈಲನ್ನು ಟರ್ಮಿನಲ್‌ನಲ್ಲಿ ತೆರೆದೆ. ಪ್ರತಿ ನಂಬರ್ ಆದ ಮೇಲೆ ಒಂದು ಕೋಲನ್, ಒಂದು ಖಾಲಿ ಜಾಗ, ಆಮೇಲೆ ಫೇಲ್ ಅಥವಾ ಓಕೆ ಅಂತ ಇಂಗ್ಲಿಷಿನಲ್ಲಿ ಬರೆಯುವ ಹಾಗೆ ನಾನು ಮಾಡಿದ್ದೆ. ಆದರೆ ಪರದೆಯ ಮೇಲೆ ಕಂಡದ್ದು ಬೇರೆ. ಸಾಲು ಕೋಲನ್‌ನಿಂದ ಶುರುವಾಗುತ್ತಿತ್ತು. ಆಮೇಲೆ ಫೇಲ್. ಅದಕ್ಕೆ ಅಂಟಿಕೊಂಡು ಬರೀ ನಾಲ್ಕು ಅಂಕಿ. ಮೊದಲ ಆರು ಅಂಕಿ ಮಾಯ. 411 ಸಾಲೂ ಹೀಗೇ. ಕೊನೆಯ ಸಾಲಿನಲ್ಲಿ ಮಾತ್ರ ಹತ್ತೂ ಅಂಕಿ, ಕೋಲನ್, ಓಕೆ, ಎಲ್ಲ ತಮ್ಮ ತಮ್ಮ ಜಾಗದಲ್ಲಿ.

ಆರು ಅಂಕಿ ಎಲ್ಲಿ ಹೋದವು? ಎಲ್ಲಿಗೂ ಹೋಗಿಲ್ಲ. ಹತ್ತು ಅಂಕಿ ಬರೆದ ಮೇಲೆ ಯಾವುದೋ ಒಂದು ಅಕ್ಷರ ಕರ್ಸರನ್ನು ಸಾಲಿನ ಮೊದಲಿಗೆ ಎಳೆದುಕೊಂಡು ಹೋಗಿದೆ. ಕೋಲನ್, ಖಾಲಿ ಜಾಗ, ಫೇಲ್‌ನ ನಾಲ್ಕು ಇಂಗ್ಲಿಷ್ ಅಕ್ಷರ, ಒಟ್ಟು ಆರು. ಇವು ಮೊದಲ ಆರು ಅಂಕಿಗಳ ಮೇಲೇ ಕೂತಿವೆ.

ಸ್ಕ್ರಿಪ್ಟ್‌ನಲ್ಲಿ ನಂಬರಿನ ಉದ್ದ ಕೇಳಿದೆ. 11 ಅಂತ ಬಂತು. ಕಣ್ಣಿಗೆ ಹತ್ತು, ಕಂಪ್ಯೂಟರಿಗೆ ಹನ್ನೊಂದು. ಆಮೇಲೆ 'ಓಡಿ' (od) ಅನ್ನುವ ಕಮಾಂಡನ್ನು ಹೈಫನ್ ಸಿ ಜೊತೆ ಓಡಿಸಿದೆ. ಫೈಲಿನ ಒಂದೊಂದು ಬೈಟನ್ನೂ ಬಿಡಿಸಿ ತೋರಿಸುವ ಕಮಾಂಡ್ ಅದು. ಹತ್ತನೇ ಅಂಕಿಯ ಪಕ್ಕ ಬ್ಯಾಕ್‌ಸ್ಲ್ಯಾಶ್ ಆರ್, ಅದರ ಪಕ್ಕ ಬ್ಯಾಕ್‌ಸ್ಲ್ಯಾಶ್ ಎನ್. ಆ ಆರ್ ಅಲ್ಲಿ ಇರಬಾರದಿತ್ತು. ಅದೇ ಹನ್ನೊಂದನೇ ಅಂಕಿಯ ಹಾಗೆ ನಂಬರಿಗೆ ಅಂಟಿಕೊಂಡು ಗೇಟ್‌ವೇಗೆ ಹೋಗುತ್ತಿತ್ತು. ಅವರು ಸರಿಯಿಲ್ಲ ಅಂದದ್ದು ಸರಿಯೇ ಇತ್ತು.

ಎಂಟರ್ ಒಂದೇ, ಬರೆಯುವ ರೀತಿ ಮೂರು

ಟೈಪ್‌ರೈಟರ್ ಕಲಿತವರಿಗೆ ಇದು ಬೇಗ ತಿಳಿಯುತ್ತದೆ. ಸಾಲು ಮುಗಿಯುತ್ತ ಬಂದಾಗ ಗಂಟೆ ಬಾರಿಸುತ್ತದೆ, ಎಡಗಡೆಯ ಲಿವರ್ ಹಿಡಿದು ತಳ್ಳುತ್ತೀವಿ. ಆಗ ಎರಡು ಕೆಲಸ ಆಗುತ್ತವೆ. ಕಾಗದ ಒಂದು ಸಾಲು ಮೇಲೇರುತ್ತದೆ. ಕ್ಯಾರೇಜ್ ಮೊದಲಿನ ಜಾಗಕ್ಕೆ ವಾಪಸ್ ಹೋಗುತ್ತದೆ. ಟೆಲಿಪ್ರಿಂಟರಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಸಂಕೇತ ಇಟ್ಟರು. ವಾಪಸ್ ಹೋಗುವುದಕ್ಕೆ ಕ್ಯಾರೇಜ್ ರಿಟರ್ನ್, ಅಂದರೆ ಸಿಆರ್. ಮೇಲೆ ಕಂಡ ಬ್ಯಾಕ್‌ಸ್ಲ್ಯಾಶ್ ಆರ್ ಇದೇ. ಕಾಗದ ಏರಿಸುವುದಕ್ಕೆ ಲೈನ್ ಫೀಡ್, ಅಂದರೆ ಎಲ್‌ಎಫ್. ಬ್ಯಾಕ್‌ಸ್ಲ್ಯಾಶ್ ಎನ್ ಇದು. ಅಕ್ಷರಗಳಿಗೆ ನಂಬರ್ ಕೊಡುವ ಆಸ್ಕಿ ಪಟ್ಟಿಯಲ್ಲಿ ಸಿಆರ್ 13, ಎಲ್‌ಎಫ್ 10. ಲಿನಕ್ಸ್‌ನಲ್ಲಿ ಸಿಆರ್ ಅನ್ನು ಟೋಪಿ ಗುರುತು ಮತ್ತು ಎಮ್ ಆಗಿ ತೋರಿಸುತ್ತಾರಲ್ಲ, ಕಾರಣ ಇದೇ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಮ್ 13ನೆಯದು.

ಸಿಆರ್ ಮೊದಲು, ಎಲ್‌ಎಫ್ ಆಮೇಲೆ ಅನ್ನುವ ಕ್ರಮಕ್ಕೂ ಒಂದು ಕಾರಣ ಇದೆ. 1963ರ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಬರೆಯುತ್ತಿತ್ತು. ಬಲತುದಿಯಿಂದ ಎಡತುದಿಗೆ ವಾಪಸ್ ಹೋಗಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಲುತ್ತಿರಲಿಲ್ಲ. ಮೊದಲು ಹೊರಡು ಅಂತ ಹೇಳಿ, ಅದು ದಾರಿಯಲ್ಲಿರುವಾಗಲೇ ಕಾಗದ ಏರಿಸಿದರೆ ಸಮಯ ಹೊಂದುತ್ತಿತ್ತು.

ಆಮೇಲೆ ದಾರಿಗಳು ಬೇರೆಯಾದವು. ಮಲ್ಟಿಕ್ಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್, ಅದರ ನಂತರ ಬಂದ ಯುನಿಕ್ಸ್, ಫೈಲಿನಲ್ಲಿ ಎಲ್‌ಎಫ್ ಒಂದೇ ಸಾಕು, ಯಂತ್ರಕ್ಕೆ ಬೇಕಾದ ಸಿಆರ್ ಅನ್ನು ಬರೆಯುವಾಗ ಸೇರಿಸಿಕೊಂಡರಾಯಿತು ಅಂದವು. ಲಿನಕ್ಸ್ ಅದೇ ದಾರಿ ಹಿಡಿಯಿತು. ಸಿಪಿ/ಎಂ ಎರಡನ್ನೂ ಫೈಲಿನಲ್ಲೇ ಇಟ್ಟಿತು, ಅದರಿಂದ ಡಾಸ್‌ಗೂ, ಡಾಸ್‌ನಿಂದ ವಿಂಡೋಸ್‌ಗೂ ಬಂತು. ಹಳೆಯ ಮ್ಯಾಕ್ ಬರೀ ಸಿಆರ್ ಇಟ್ಟುಕೊಂಡಿತ್ತು, 2001ರ ಮ್ಯಾಕ್ ಓಎಸ್ ಟೆನ್‌ನಿಂದ ಎಲ್‌ಎಫ್‌ಗೆ ಬಂತು. ವಿಂಡೋಸ್ ರೀತಿ ತಪ್ಪು ಅಂತ ನಮ್ಮ ಲಿನಕ್ಸ್ ಗೆಳೆಯರು ಸುಲಭವಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಮೇಲ್ ಕಳಿಸುವ ಎಸ್‌ಎಂಟಿಪಿಯಲ್ಲಿ ಇವತ್ತಿಗೂ ಸಾಲು ಮುಗಿಯುವುದು ಸಿಆರ್ ಮತ್ತು ಎಲ್‌ಎಫ್ ಎರಡರಿಂದಲೇ. ಸಿಎಸ್‌ವಿ ಹೇಗಿರಬೇಕು ಅಂತ ಹೇಳುವ ಆರ್‌ಎಫ್‌ಸಿ 4180 ಕೂಡ ಎರಡನ್ನೂ ಕೇಳುತ್ತದೆ. ಇದು ಎರಡು ಮನೆಗಳ ಎರಡು ರೂಢಿ, ಅಷ್ಟೇ.

ಪಟ್ಟಿಯೊಳಗೆ ಅದು ಬಂದ ದಾರಿ

ಮೊದಲ ಪಟ್ಟಿಯನ್ನು ಲಿನಕ್ಸ್‌ನಲ್ಲಿ ಮಾಡಿದ್ದು ನಾನು. ಅದರಲ್ಲಿ ಬರೀ ಎಲ್‌ಎಫ್ ಇತ್ತು. ಹಬ್ಬದ ಮುಂಚೆ ಬಂದ 37 ಹೊಸ ಸದಸ್ಯರನ್ನು ಸೇರಿಸಲು ಸಹಾಯಕರು ಹಿಂದಿನ ದಿನ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರು. ಹಳೆಯ ನೋಟ್‌ಪ್ಯಾಡಿಗೆ ಬರೀ ಎಲ್‌ಎಫ್ ಅರ್ಥ ಆಗುತ್ತಿರಲಿಲ್ಲ, ಅದನ್ನು ಕಲಿತದ್ದು 2018ರಲ್ಲಿ ವಿಂಡೋಸ್ 10ಕ್ಕೆ ಬಂದ ಹೊಸ ಆವೃತ್ತಿ. ವಿಂಡೋಸ್ 7ರಲ್ಲಿ ಅವರಿಗೆ ಕಂಡದ್ದು ಇಡೀ ಪಟ್ಟಿ ಒಂದೇ ಉದ್ದ ಸಾಲಾಗಿ, ಒಬ್ಬರ ನಂಬರಿಗೆ ಇನ್ನೊಬ್ಬರ ಹೆಸರು ಅಂಟಿಕೊಂಡು. ಅವರು ಗಾಬರಿಯಾಗಿ ಎಕ್ಸೆಲ್‌ನಲ್ಲಿ ತೆರೆದರು. ಅಲ್ಲಿ ಸರಿಯಾಗಿ ಕಂಡಿತು. ಹೊಸ ಹೆಸರು ಸೇರಿಸಿ ಸೇವ್ ಮಾಡಿದರು. ಎಕ್ಸೆಲ್ ತನ್ನ ರೂಢಿಯಂತೆ ಪ್ರತಿ ಸಾಲಿಗೂ ಸಿಆರ್ ಸೇರಿಸಿತು. ಆಮೇಲೆ ನೋಟ್‌ಪ್ಯಾಡಿನಲ್ಲಿ ನೋಡಿದರೆ ಸಾಲುಗಳೆಲ್ಲ ಚೊಕ್ಕ. ಕೆಟ್ಟ ಫೈಲ್ ರಿಪೇರಿ ಆಯಿತು ಅಂದುಕೊಂಡರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಜೇವರ್ಗಿಯ ಆ ಫೋನ್ ಬಂತು. ಆ ಕಂಪ್ಯೂಟರಿನಲ್ಲಿ ಎಕ್ಸೆಲ್ ಮತ್ತೆ ತೆರೆಯಲು ತುಂಬ ಹೊತ್ತು ಬೇಕು, ಅದಕ್ಕೆ ಆ ಒಂದು ಹೆಸರನ್ನು ನೋಟ್‌ಪ್ಯಾಡಿನಲ್ಲೇ ಕೊನೆಗೆ ಬರೆದು, ಎಂಟರ್ ಒತ್ತದೆ ಸೇವ್ ಮಾಡಿದರು. ಎಂಟರ್ ಇಲ್ಲ, ಹಾಗಾಗಿ ಸಿಆರ್ ಇಲ್ಲ. ಮೆಸೇಜ್ ಹೋಯಿತು.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಲಿನಕ್ಸ್ ಲೆಕ್ಕದಲ್ಲಿ ಎಲ್‌ಎಫ್ ಅನ್ನುವುದು ಎರಡು ಸಾಲುಗಳ ನಡುವಿನ ಗೋಡೆ ಅಲ್ಲ. ಅದು ಪ್ರತಿ ಸಾಲಿನ ಮುಕ್ತಾಯ, ವಾಕ್ಯಕ್ಕೆ ಪೂರ್ಣವಿರಾಮ ಇದ್ದ ಹಾಗೆ. ಕೊನೆಯ ಸಾಲಿಗೆ ಅದು ಇಲ್ಲದಿದ್ದರೆ ಬ್ಯಾಶ್‌ನ ರೀಡ್ ಕಮಾಂಡ್ ಸಾಲನ್ನು ಓದುತ್ತದೆ, ಆದರೆ ಓದಿದೆ ಅಂತ ಒಪ್ಪುವುದಿಲ್ಲ. ಲೂಪ್ ಅಲ್ಲೇ ನಿಲ್ಲುತ್ತದೆ, ಕೊನೆಯವರು ಬಿಟ್ಟುಹೋಗುತ್ತಾರೆ. ಹಿಂದೊಮ್ಮೆ ನಮ್ಮಲ್ಲೂ ಹಾಗಾಗಿ, ನಂಬರಿನಲ್ಲಿ ಏನಾದರೂ ಉಳಿದಿದ್ದರೆ ಅದನ್ನೂ ತಗೋ ಅಂತ ಒಂದು ಷರತ್ತು ಸೇರಿಸಿದ್ದೆ. ಆ ಷರತ್ತು ಇಲ್ಲದಿದ್ದರೆ ಈ ಸಲ ಒಬ್ಬರಿಗೂ ಹೋಗುತ್ತಿರಲಿಲ್ಲ, ನನಗೆ ಸುಳಿವೂ ಸಿಗುತ್ತಿರಲಿಲ್ಲ.

ಕಾಲಂಗಳ ಕ್ರಮ ನೆನಪಿಡಿ ಅಂದಿದ್ದೆ. ನಂಬರ್ ಮಧ್ಯದಲ್ಲಿದ್ದು ಊರು ಕೊನೆಗೆ ಇದ್ದಿದ್ದರೆ ಸಿಆರ್ ಊರಿನ ಹೆಸರಿಗೆ ಅಂಟಿಕೊಳ್ಳುತ್ತಿತ್ತು. ಮೆಸೇಜ್‌ನಲ್ಲಿ ಊರನ್ನು ನಾವು ಬಳಸುವುದೇ ಇಲ್ಲ. ವರ್ಷಗಟ್ಟಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಸರದ ರಿಪೇರಿ, ಎರಡನೇ ಪೆಟ್ಟು

ರಾತ್ರಿ ಸೆಡ್ ಕಮಾಂಡಿನಿಂದ ಸಾಲಿನ ಕೊನೆಯ ಸಿಆರ್ ಅಳಿಸಿದೆ. ಒಂದೇ ಫೈಲಿಗೆ ಮಾಡಬೇಕಿತ್ತು, ಬೇರೆಲ್ಲಾದರೂ ಇದ್ದೀತು ಅಂತ ಇಡೀ ಫೋಲ್ಡರಿಗೆ ಮಾಡಿದೆ. ಸಂಘದ ಲೋಗೋ ಚಿತ್ರ ತೆರೆಯುವುದೇ ನಿಂತಿತು. ಪಿಎನ್‌ಜಿ ಫೈಲಿನ ಮೊದಲ ಎಂಟು ಬೈಟುಗಳಲ್ಲಿ ಒಂದು ಸಿಆರ್, ಅದರ ಪಕ್ಕ ಎಲ್‌ಎಫ್ ಬೇಕೆಂದೇ ಇಟ್ಟಿದ್ದಾರೆ. ದಾರಿಯಲ್ಲಿ ಯಾರಾದರೂ ಟೆಕ್ಸ್ಟ್ ಅಂದುಕೊಂಡು ಸಾಲಿನ ಕೊನೆ ಬದಲಿಸಿದರೆ ಕೂಡಲೇ ಗೊತ್ತಾಗಲಿ ಅಂತ. ನಾನು ಮಾಡಿದ್ದು ಅದನ್ನೇ, ಗೊತ್ತಾದದ್ದೂ ಹಾಗೇ. ಫೈಲುಗಳ ಹಳೆಯ ಆವೃತ್ತಿಗಳನ್ನೆಲ್ಲ ಇಟ್ಟುಕೊಳ್ಳುವ ಗಿಟ್‌ನಲ್ಲಿ ಹಳೆಯದಿತ್ತು, ವಾಪಸ್ ತಂದೆ. ಸಿಆರ್ ಅಳಿಸುವಾಗ ಫೈಲಿನ ಹೆಸರು ಹೇಳಿ ಅಳಿಸಿ, ಫೋಲ್ಡರಿಗೆ ಮಾಡಬೇಡಿ.

ಮರುದಿನ ನಾನು ಹುಮನಾಬಾದಿನಲ್ಲಿ ಒಂದು ಮದುವೆಯಲ್ಲಿದ್ದೆ. ನಂಬರ್ ಸರಿಯಿಲ್ಲದಿದ್ದರೆ ಲಾಗ್‌ನಲ್ಲಿ ಇನ್ನಷ್ಟು ವಿವರ ಬರಲಿ ಅಂತ ಸ್ಕ್ರಿಪ್ಟ್‌ಗೆ ನಾಲ್ಕು ಸಾಲು ಸೇರಿಸಲು ನಮ್ಮ ಜೊತೆ ಕೆಲಸ ಕಲಿಯುವ ಇಂಜಿನಿಯರಿಂಗ್ ಹುಡುಗನಿಗೆ ಹೇಳಿದ್ದೆ. ಅವನು ತನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಗಿಟ್‌ನಿಂದ ಇಳಿಸಿಕೊಂಡು, ತಿದ್ದಿ, ಆ ಫೈಲನ್ನು ನೇರ ಸರ್ವರಿಗೆ ಕಾಪಿ ಮಾಡಿದ. ಹನ್ನೊಂದೂವರೆ ಆಯಿತು. ಈ ಸಲ ಒಬ್ಬರಿಗೂ ಮೆಸೇಜ್ ಹೋಗಲಿಲ್ಲ.

ಮದುವೆ ಮನೆಯ ಹಿಂದೆ ನಿಂತು ಫೋನಿನಿಂದಲೇ ಸರ್ವರಿಗೆ ಹೋದೆ. ಸ್ಕ್ರಿಪ್ಟ್ ಓಡಿಸಿದರೆ ಬ್ಯಾಡ್ ಇಂಟರ್‌ಪ್ರಿಟರ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ ಅನ್ನುತ್ತಿತ್ತು. ಇಲ್ಲ ಅಂದರೆ ಯಾವ ಫೈಲ್ ಇಲ್ಲ? ಬ್ಯಾಶ್ ತನ್ನ ಜಾಗದಲ್ಲೇ ಇದೆ, ಸ್ಕ್ರಿಪ್ಟ್ ಕೂಡ ಇದೆ. ಆದರೆ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್‌ನ ಹೆಸರಿನ ಪಕ್ಕ ಒಂದು ಸಿಆರ್ ಸೇರಿತ್ತು. ಸಿಆರ್ ಸೇರಿದ ಆ ಹೆಸರಿನ ಪ್ರೋಗ್ರಾಮ್ ಎಲ್ಲೂ ಇಲ್ಲವಲ್ಲ! ಅದನ್ನೇ ಲಿನಕ್ಸ್ ಹೇಳುತ್ತಿತ್ತು. ಅದೇ ಸ್ಕ್ರಿಪ್ಟನ್ನು ಮುಂದೆ ಬ್ಯಾಶ್ ಅಂತ ಸೇರಿಸಿ ಓಡಿಸಿದರೆ ತಪ್ಪು ಬೇರೆ ರೂಪದಲ್ಲಿ ಬರುತ್ತದೆ. ಖಾಲಿ ಸಾಲುಗಳಲ್ಲಿ ಬ್ಯಾಕ್‌ಸ್ಲ್ಯಾಶ್ ಆರ್ ಅನ್ನುವ ಕಮಾಂಡ್ ಸಿಗಲಿಲ್ಲ ಅನ್ನುತ್ತದೆ. ಖಾಲಿ ಸಾಲು ಕೂಡ ನಿಜಕ್ಕೂ ಖಾಲಿ ಇರುವುದಿಲ್ಲ.

ಹುಡುಗ ಅಳುವ ಹಾಗಾಗಿದ್ದ. ಅವನು ಏನೂ ತಪ್ಪು ಮಾಡಿರಲಿಲ್ಲ. ವಿಂಡೋಸ್‌ಗೆ ಗಿಟ್ ಹಾಕಿಕೊಳ್ಳುವಾಗ ಅದೇ ಒಂದು ಪ್ರಶ್ನೆ ಕೇಳುತ್ತದೆ. ಸುಮ್ನೆ ನೆಕ್ಸ್ಟ್ ಒತ್ತಿದರೆ ಆಟೋಸಿಆರ್‌ಎಲ್‌ಎಫ್ ಅನ್ನುವ ಸೆಟ್ಟಿಂಗ್ ಟ್ರೂ ಆಗುತ್ತದೆ. ಫೈಲ್ ಇಳಿಸುವಾಗ ಸಿಆರ್ ಸೇರಿಸುತ್ತದೆ, ವಾಪಸ್ ಕಮಿಟ್ ಮಾಡುವಾಗ, ಅಂದರೆ ಬದಲಾವಣೆ ದಾಖಲಿಸುವಾಗ, ತೆಗೆಯುತ್ತದೆ. ಗಿಟ್ ಮೂಲಕ ವಾಪಸ್ ಬಂದಿದ್ದರೆ ಸರಿಹೋಗುತ್ತಿತ್ತು. ಅವನು ಮಧ್ಯದಲ್ಲೇ ಫೈಲನ್ನು ಎತ್ತಿಕೊಂಡು ಹೋದ, ಅಷ್ಟೇ. ನನ್ನ ಲಿನಕ್ಸ್‌ನಲ್ಲಿ ಆ ಸೆಟ್ಟಿಂಗ್ ಇಲ್ಲ, ಹಾಗಾಗಿ ನನಗೆ ಹೊಳೆಯಲೇ ಇಲ್ಲ. ಒಬ್ಬೊಬ್ಬರ ಯಂತ್ರದಲ್ಲಿ ಒಂದೊಂದು ನಿಯಮ ಇರುವಾಗ, ಎಲ್ಲರೂ ನೆನಪಿಟ್ಟುಕೊಳ್ಳಿ ಅಂತ ಹೇಳುವುದರಿಂದ ಪ್ರಯೋಜನ ಇಲ್ಲ. ನಿಯಮ ಪ್ರಾಜೆಕ್ಟ್ ಒಳಗೇ ಇರಬೇಕು.

ಕೊನೆಗೆ ಮಾಡಿದ್ದು

ಪ್ರಾಜೆಕ್ಟ್‌ನ ಬೇರಿನಲ್ಲಿ ಡಾಟ್ ಗಿಟ್‌ಆಟ್ರಿಬ್ಯೂಟ್ಸ್ ಅನ್ನುವ ಸಣ್ಣ ಫೈಲ್ ಇಟ್ಟೆ. ಅದರಲ್ಲಿ ಬರೆದದ್ದು ಯಾರ ಯಂತ್ರದ ಸೆಟ್ಟಿಂಗ್ ಏನೇ ಇದ್ದರೂ ಅದನ್ನು ಮೀರಿ ನಡೆಯುತ್ತದೆ. ಶೆಲ್ ಸ್ಕ್ರಿಪ್ಟ್‌ಗಳಿಗೆ ಎಲ್ಲ ಕಡೆ ಎಲ್‌ಎಫ್. ಆಫೀಸಿನ ವಿಂಡೋಸ್ ಬ್ಯಾಚ್ ಫೈಲುಗಳಿಗೆ ಸಿಆರ್‌ಎಲ್‌ಎಫ್, ಅಂದರೆ ಎರಡೂ. ಪಿಎನ್‌ಜಿ ಬೈನರಿ, ಅಂದರೆ ಟೆಕ್ಸ್ಟ್ ಅಲ್ಲ, ಅದನ್ನು ಮುಟ್ಟುವ ಹಾಗಿಲ್ಲ. ಉಳಿದದ್ದನ್ನು ಗಿಟ್ ತಾನೇ ನೋಡಿ ತೀರ್ಮಾನಿಸಲಿ ಅಂತ ಟೆಕ್ಸ್ಟ್ ಆಟೋ. ಆಮೇಲೆ, ಆಗಲೇ ಇದ್ದ ಫೈಲುಗಳಿಗೂ ಈ ನಿಯಮ ಹತ್ತಲಿ ಅಂತ, ಗಿಟ್ ಆ್ಯಡ್‌ಗೆ ರೀನಾರ್ಮಲೈಜ್ ಸೇರಿಸಿ ಒಮ್ಮೆ ಓಡಿಸಿದೆ. ಇದನ್ನು ಒಂದು ಪ್ರತ್ಯೇಕ ಕಮಿಟ್ ಮಾಡಿ, ಬೇರೆ ಯಾವ ತಿದ್ದುಪಡಿಯನ್ನೂ ಅದರ ಜೊತೆ ಬೆರೆಸಬೇಡಿ. ಸಾಲಿನ ಕೊನೆ ಬದಲಾದ ಫೈಲಿನಲ್ಲಿ ಪ್ರತಿ ಸಾಲೂ ಬದಲಾದ ಹಾಗೆ ಕಾಣುತ್ತದೆ, ಅದರೊಳಗೆ ನಿಜವಾದ ಬದಲಾವಣೆ ಇದ್ದರೆ ಹುಡುಕಲು ಆಗುವುದಿಲ್ಲ. ಹುಡುಗನಿಗೆ ವಿಎಸ್ ಕೋಡ್‌ನ ಕೆಳಗೆ ಬಲಮೂಲೆಯಲ್ಲಿ ಸಿಆರ್‌ಎಲ್‌ಎಫ್ ಅಥವಾ ಎಲ್‌ಎಫ್ ಅಂತ ಬರೆದಿರುವುದನ್ನು ತೋರಿಸಿದೆ. ಎರಡು ವರ್ಷದಿಂದ ದಿನಾ ನೋಡ್ತಿದ್ದೆ, ಏನಂತ ಕೇಳಿರಲಿಲ್ಲ ಅಂದ.

ಸದಸ್ಯರ ಪಟ್ಟಿಯ ಬಗ್ಗೆ ಜಾಸ್ತಿ ಯೋಚನೆ ಮಾಡಿದೆ. ಎಲ್‌ಎಫ್ ಮಾಡಿದರೆ ನನ್ನ ಸ್ಕ್ರಿಪ್ಟ್‌ಗೆ ಸುಲಭ. ಆದರೆ ಆಫೀಸಿನ ನೋಟ್‌ಪ್ಯಾಡಿನಲ್ಲಿ ಮತ್ತೆ ಒಂದೇ ಉದ್ದ ಸಾಲು. ಪಟ್ಟಿಯನ್ನು ದಿನಾ ತೆರೆಯುವವರು ಸಹಾಯಕರು, ನಾನಲ್ಲ. ಹಾಗಾಗಿ ಸಿಎಸ್‌ವಿಗೆ ಸಿಆರ್‌ಎಲ್‌ಎಫ್ ಇರಲಿ ಅಂತ ಬರೆದೆ. ಸಿಆರ್ ತೆಗೆಯುವ ಕೆಲಸವನ್ನು ಸ್ಕ್ರಿಪ್ಟ್‌ಗೆ ಕೊಟ್ಟೆ. ಸಾಲು ಓದಿದ ಕೂಡಲೇ, ಬಾಗಿಲಲ್ಲೇ, ಕೊನೆಯ ಸಿಆರ್ ಇದ್ದರೆ ಕಳಚುತ್ತದೆ. ಇಲ್ಲದಿದ್ದರೆ ಸುಮ್ಮನಿರುತ್ತದೆ. ಒಂದೇ ಸಾಲಿನ ಕೋಡ್. ಒಳಗೆ ಬೇರೆ ಯಾವ ಜಾಗದಲ್ಲೂ ಆ ವಿಚಾರ ಬರುವುದಿಲ್ಲ.

ಇನ್ನೊಂದು ಕಾವಲು ಕೂಡ ಇಟ್ಟೆ. ಇದನ್ನು ಮೊದಲೇ ಇಡಬೇಕಿತ್ತು. ನಂಬರಿನಲ್ಲಿ ಸರಿಯಾಗಿ ಹತ್ತು ಅಂಕಿ ಇಲ್ಲದಿದ್ದರೆ, ಅಥವಾ ಒಂದು ದಿನದಲ್ಲಿ ಹತ್ತಕ್ಕಿಂತ ಜಾಸ್ತಿ ಮೆಸೇಜ್ ಫೇಲ್ ಆದರೆ, ಸಹಾಯಕರಿಗೂ ನನಗೂ ಕೂಡಲೇ ಮೆಸೇಜ್ ಬರುತ್ತದೆ. ಸ್ಕ್ರಿಪ್ಟ್ ಓಡದೇ ಹೋದರೆ ಅದರೊಳಗಿನ ಕಾವಲೂ ಓಡುವುದಿಲ್ಲ ಅಲ್ವಾ? ಅದಕ್ಕೆ ಬೇರೆ ಒಂದು ಕ್ರಾನ್ 11:45ಕ್ಕೆ ಆ ದಿನದ ಲಾಗ್ ಇದೆಯಾ ಅಂತ ನೋಡುತ್ತದೆ. ಅಲ್ಲಿಯವರೆಗೆ ತಪ್ಪುಗಳೆಲ್ಲ ಸರ್ವರಿನ ಒಳಗಿನ ಅಂಚೆಪೆಟ್ಟಿಗೆಯಲ್ಲಿ ಬೀಳುತ್ತಿದ್ದವು. ಅದನ್ನು ಯಾರೂ ತೆರೆದಿರಲಿಲ್ಲ. ರೈತರು ಫೋನ್ ಮಾಡಿ ಹೇಳುವವರೆಗೆ ನಮಗೆ ಗೊತ್ತಾಗದೇ ಇದ್ದದ್ದು ಸಿಆರ್‌ಗಿಂತ ದೊಡ್ಡ ತಪ್ಪು ಅಂತ ನನಗೆ ಅನ್ನಿಸುತ್ತದೆ.

ಅಫಜಲಪುರ ಕಡೆಯ ಆ ರೈತರಿಗೆ ನಾನೇ ಫೋನ್ ಮಾಡಿ ಏನಾಯಿತು ಅಂತ ಹೇಳಿದೆ. ಸಂಘದವರು ಅವರ ಬಾಡಿಗೆ ದುಡ್ಡು ಕೊಟ್ಟರು. ಫೆಬ್ರವರಿಯಲ್ಲಿ ಕಾವಲು ಮೊದಲ ಸಲ ಕೂಗಿತು. ಚಿತ್ತಾಪುರ ಕಡೆಯ ಒಂದು ಹೊಸ ಹೆಸರಿನ ಮುಂದೆ ಒಂಬತ್ತೇ ಅಂಕಿ ಇತ್ತು, ಬರೆದುಕೊಳ್ಳುವಾಗ ಒಂದು ಬಿಟ್ಟುಹೋಗಿತ್ತು. ಸಹಾಯಕರು ಆ ಊರಿನ ಇನ್ನೊಬ್ಬ ಸದಸ್ಯರಿಗೆ ಫೋನ್ ಮಾಡಿ ಸರಿಯಾದ ನಂಬರ್ ತಗೊಂಡು ತಿದ್ದಿದರು. 12:10ಕ್ಕೆ ಅವರಿಗೂ ರೇಟು ಹೋಯಿತು.